ರುಚಿ ನೋಡದೆ ಬೇಯಿಸಿದ ಸ್ಟ್ಯೂ

ಐರ್ಲೆಂಡಿಗೆ ಹೋಗಿ ಬಂದೆನೆಂಬ ಸುದ್ದಿ ಹಬ್ಬಿದ ಮೇಲೆ ಮಳವಳ್ಳಿಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸದವರು ಕಡಿಮೆ. ‘ಟೀಚರ್, ಕೋಟೆ ನೋಡಿದ್ರಾ? ಸಮುದ್ರದ ಪಕ್ಕ ಗೋಡೆ ಥರ ಬಂಡೆಗಳವಂತಲ್ಲ, ಅದ್ನ ನೋಡಿದ್ರಾ?’ ನೋಡಲಿಲ್ಲ. ಬಂಡೆ ನೋಡಲು ಹೊರಟ ದಿನ ಮಂಜು ಕವಿದು, ‘ಮುಂದೆ ಅಪಾಯ’ ಎಂಬ ಬೋರ್ಡನ್ನಷ್ಟೇ ನೋಡಿಕೊಂಡು ವಾಪಸು ಬಂದೆವು. ಆ ದೇಶದಲ್ಲಿ ನಾನು ಕಣ್ಣು ಕೀಲಿಸಿ ನೋಡಿದ್ದು ಒಂದೇ ವಸ್ತುವನ್ನು. ಅದು ಗಾಜಿನ ಮುಚ್ಚಳದ, ಕರೆಂಟಿನಲ್ಲಿ ಬೇಯಿಸುವ ಒಂದು ಪಿಂಗಾಣಿ ಪಾತ್ರೆ. ಅದನ್ನೂ ನೋಡಬಾರದಷ್ಟು ನೋಡಿದೆ, ಎಡವಟ್ಟಾದದ್ದು ಅದರಿಂದಲೇ.

ಮೆಹರು ಮನೆ

ಮೆಹರುನ್ನಿಸಾ ನನ್ನ ಒಂದನೇ ಕ್ಲಾಸಿನ ಗೆಳತಿ. ಅವಳಪ್ಪನದು ಮಳವಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಸುತ್ತಲ ಹಳ್ಳಿಗಳಲ್ಲಿ ಯಾರ ಬಾವಿಯ ಮೋಟಾರು ಸುಟ್ಟರೂ ಅದು ಅವರ ಬಾಗಿಲಿಗೇ ಬರುತ್ತಿತ್ತು. ಮೆಹರು ಮದುವೆಯಾದದ್ದು ಮದ್ದೂರಿನ ನಸೀರನನ್ನು. ಅವನು ಬಸ್ಸಿನ ಮೆಕ್ಯಾನಿಕ್ಕು. ಮೊದಲು ಗಲ್ಫಿಗೆ ಹೋಗಿ, ಆಮೇಲೆ ಐರ್ಲೆಂಡಿನ ಪಡುವಣ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಇಬ್ಬರೂ ಬೇರು ಬಿಟ್ಟರು. ಈ ವರ್ಷ ಚಳಿಗಾಲದಲ್ಲಿ ಮೆಹರು ಮನೆ ಮುಂದಿನ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಿಂದಲೇ ನನಗೆ ಫೋನು ಬಂತು.

‘ಲೇ ಚಂದ್ರಿ, ರಿಟೈರಾಗಿ ಮನೇಲಿ ಸೊಳ್ಳೆ ಓಡುಸ್ತಾ ಕುಂತಿದ್ದೀಯಲ್ಲ, ಬಾರಮ್ಮಿ ಇಲ್ಲಿಗೆ. ನಂಗೆ ಕೈಯಿಲ್ಲ, ನಿಂಗೆ ಕೆಲ್ಸ ಇಲ್ಲ.’

ಕನ್ನಡ ಟೀಚರಾಗಿ ಇಡೀ ಸರ್ವೀಸನ್ನು ಹಲಗೂರು, ಮಳವಳ್ಳಿ ಎಂದು ಕಳೆದವಳು ನಾನು. ಭೂಪಟವನ್ನು ಗೋಡೆಗೆ ನೇತುಹಾಕಿದ್ದೇ ಹೊರತು ಅದರೊಳಗೆ ಕಾಲಿಟ್ಟವಳಲ್ಲ. ಹೊರಟೇಬಿಟ್ಟೆ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಚೀಲದಿಂದ ರಾಗಿಹಿಟ್ಟಿನ ಗಂಟನ್ನು ಹೊರಗೆ ತೆಗೆದು ಮೂಸಿದ. ಇದು ಏನು ಎಂದ. ಊಟ ಎಂದೆ. ಇನ್ನೊಮ್ಮೆ ಮೂಸಿ, ‘ಮನುಷ್ಯರಿಗಾ?’ ಎಂದು ಕೇಳಿದ. ಮಂಡ್ಯ ಜಿಲ್ಲೆಯ ಪರವಾಗಿ ಅವನಿಗೆ ಒಂದು ಪಾಠ ಮಾಡಬೇಕೆನ್ನಿಸಿತು. ಹಿಂದೆ ಸಾಲು ಉದ್ದವಿತ್ತು, ಸುಮ್ಮನಾದೆ.

ಅಲ್ಲಿಯ ಜನರದು ವಿಚಿತ್ರ ಒಳ್ಳೆಯತನ. ಬಸ್ಸಿನಿಂದ ಇಳಿಯುವಾಗ ಒಬ್ಬರೂ ಬಿಡದಂತೆ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಮಳವಳ್ಳಿ ಬಸ್ಸಿನಲ್ಲಿ ಯಾರಾದರೂ ಹಾಗೆ ಹೇಳಿದರೆ, ಟಿಕೆಟ್ ತೆಗೆದುಕೊಂಡಿಲ್ಲವೇನೋ ಎಂದು ಕಂಡಕ್ಟರು ಹಿಂದೆಯೇ ಓಡಿಬಂದಾನು. ಇನ್ನೊಂದು, ಕಡಲಕ್ಕಿಗಳು. ಪ್ರತಿ ಮನೆಯ ಹೊಗೆಗೂಡಿನ ಮೇಲೂ ಒಂದೊಂದು ಕೂತು ಕಿರುಚುತ್ತಿರುತ್ತದೆ. ಜನ ಅವನ್ನು ಬೈದುಕೊಂಡು ಕಿಟಕಿ ಮುಚ್ಚುತ್ತಾರೆ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಅಂಗಳವನ್ನೆಲ್ಲ ಹಿಕ್ಕೆ ಮಾಡಿ ಕೆಡಿಸಿದರೂ, ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಸುಮ್ಮನಿರುವವರನ್ನು ನೋಡಿದ ನನಗೆ ಇದು ಸರಿಬರಲಿಲ್ಲ. ಮೆಹರುಗೆ ಹೇಳಿದರೆ, ‘ನಿನ್ ತಲೆ ಮ್ಯಾಲೆ ಒಂದಪ ಆಕ್ಲಿ, ಆಮ್ಯಾಕೆ ಬಾಣಂತನ ಮಾಡುವಂತೆ’ ಎಂದಳು.

ನಾನು ಹೋದಾಗ ರಂಜಾನ್ ನಡೆಯುತ್ತಿತ್ತು. ಮೆಹರು, ನಸೀರ್ ಇಬ್ಬರಿಗೂ ಉಪವಾಸ. ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದು ನೋಡಿದರೆ ಎತ್ತರದ ಮುದುಕರೊಬ್ಬರು ಎರಡೂ ಕೈಯಲ್ಲಿ ಒಂದು ಪಾತ್ರೆ ತಬ್ಬಿಕೊಂಡು, ಅದರ ವೈರನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಪಕ್ಕದ ಮನೆಯ ಟಾಮ್. ಅವರ ಹೆಂಡತಿ ನೋರಾ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು.

‘ಶನಿವಾರ ಚರ್ಚಿನಲ್ಲಿ ನೋರಾಳ ತಿಂಗಳ ಪೂಜೆ,’ ಎಂದರು ಟಾಮ್, ನನ್ನ ಹಿಂದೆಯೇ ಬಂದ ಮೆಹರುಗೆ. ‘ಅವಳ ತಂಗಿಯರು ಬರುತ್ತಾರೆ, ಬೀದಿಯವರು ಬರುತ್ತಾರೆ. ಅವಳ ಸ್ಟ್ಯೂ ಮಾಡಲು ಬರುವುದು ನಿನಗೊಬ್ಬಳಿಗೇ.’ ಆಮೇಲೆ ಮೆಹರುವಿನ ಕೈಯ ಬ್ಯಾಂಡೇಜು ನೆನಪಾಗಿ, ನಾಚಿಕೊಂಡು ಪಾತ್ರೆಯನ್ನು ವಾಪಸು ಎತ್ತಿಕೊಳ್ಳಲು ಹೋದರು. ಮೆಹರು ಎಡಗೈಯಲ್ಲೇ ಅದನ್ನು ಹಿಡಿದುಕೊಂಡಳು. ‘ನನ್ನ ಕೈ ಊರಿಂದ ಬಂದಿದೆ ನೋಡಿ,’ ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನನ್ನು ತೋರಿಸಿದಳು.

ಅವರು ಹೋದ ಮೇಲೆ ಅವಳು ಹೇಳಿದ್ದು ಇದು. ಮೆಹರು, ನಸೀರ್ ಈ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ ನೋರಾ ಒಂದು ಬಟ್ಟಲು ಸ್ಟ್ಯೂ, ಅಂದರೆ ತರಕಾರಿಯ ಜೊತೆ ನಿಧಾನವಾಗಿ ಬೇಯಿಸಿದ ದನದ ಮಾಂಸ, ತಂದುಕೊಟ್ಟಿದ್ದರಂತೆ. ಅದು ಹಲಾಲ್ ಅಲ್ಲ, ಅದಕ್ಕೆ ಕಪ್ಪು ಬಿಯರ್ ಬೇರೆ ಹಾಕುತ್ತಾರೆ. ಮೆಹರು ಹೇಳಲಾರದೆ ಹೇಳಿದಳು. ಮುಂದಿನ ವಾರ ನೋರಾ ಮತ್ತೆ ಬಂದರು. ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಹಲಾಲ್ ಅಂಗಡಿ ಹುಡುಕಿ ಮಾಂಸ ತಂದು, ಬಿಯರ್ ಬಿಟ್ಟು ಮಾಡಿದ್ದರು. ಅಂದಿನಿಂದ ಆ ಮನೆಯಲ್ಲಿ ಸ್ಟ್ಯೂ ಎಂದರೆ ಅದೇ, ಪಕ್ಕದಲ್ಲಿ ನಿಂತು ಅದನ್ನು ಕಲಿತವಳು ಮೆಹರು ಒಬ್ಬಳೇ.

‘ಅವಮ್ಮ ಓದ್ಮೇಲೆ ಈವಯ್ಯ ಊಟಾನೇ ಬುಟ್ಬುಟ್ಟವ್ರೆ ಕಣಮ್ಮಿ. ನಾನು ಏನ್ ಕಳ್ಸುದ್ರೂ ಅರ್ಧ ವಾಪಸ್ ಬತ್ತದೆ. ಇಂಗೇ ಆದ್ರೆ ಆಸ್ಪತ್ರೆಗೆ ಸೇರುಸ್ಬೇಕು ಅಂದವ್ರಂತೆ ಡಾಕ್ಟ್ರು. ಈ ಸ್ಟ್ಯೂನಾದ್ರೂ ತಿಂದಾರು ಅಂತ ಒಂದಾಸೆ. ಇದ್ನೂ ತಿನ್ದೆ ಇದ್ರೆ ಇನ್ನೇನ್ ಮಾಡೋದು ಅಂತ ನಂಗೆ ತಿಳೀದು.’

ಅಷ್ಟು ಹೇಳಿ ಮೆಹರು ಬ್ಯಾಂಡೇಜಿನ ಕೈಯನ್ನೇ ನೋಡುತ್ತ ಕೂತಳು.

ಮಾಂಸದ ಅಂಗಡಿ

ನಾನು ಬಾಡು ತಿನ್ನುವವಳೇ. ಬನ್ನೂರು ಕುರಿಯ ಬಾಡನ್ನು ಬೆನ್ನೆಲುಬು ಎಲ್ಲಿ, ತೊಡೆ ಎಲ್ಲಿ ಎಂದು ನೋಡಿ ಹಾಕಿಸಿಕೊಳ್ಳುವವರ ಮನೆ ನಮ್ಮದು. ಆದರೆ ದನದ್ದನ್ನು ತಿಂದಿಲ್ಲ, ಮುಟ್ಟಿಲ್ಲ. ತಿನ್ನುವವರ ಬಗ್ಗೆ ನನ್ನದೇನೂ ತಕರಾರಿಲ್ಲ. ಮೆಹರು ಮನೆಯಲ್ಲಿ ಬೇಯುವಾಗ ಪಕ್ಕದಲ್ಲೇ ಕೂತು ಹೋಂವರ್ಕ್ ಬರೆದಿದ್ದೇನೆ. ಆದರೂ ಪಟ್ಟಣದ ಆ ಅಂಗಡಿಯಲ್ಲಿ ಗಾಜಿನ ಆಚೆ ಕೆಂಪಗೆ ಜೋಡಿಸಿಟ್ಟಿದ್ದನ್ನು ನೋಡಿದಾಗ ನಮ್ಮಪ್ಪನ ಜೋಡೆತ್ತುಗಳ ಮುಖ ಕಣ್ಣ ಮುಂದೆ ಬಂತು. ಒಂದು ಹೆಜ್ಜೆ ಹಿಂದೆ ಸರಿದೆ.

ಮೆಹರು ನನ್ನ ಮುಖ ನೋಡಿದಳು. ‘ನೀ ಮುಟ್ಬ್ಯಾಡ ಬುಡಮ್ಮಿ. ತರ್ಕಾರಿ ಎಚ್ಚು, ಸಾಕು.’

‘ಹುರಿಯೋರು ಯಾರೇ? ನಿನ್ನ ಬ್ಯಾಂಡೇಜಾ?’

‘ನಸೀರನ್ಗೆ ಏಳ್ತೀನಿ.’

ನಸೀರ್‌ಗೆ ಶನಿವಾರ ಡ್ಯೂಟಿ ಎಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಯವನು ಅಲ್ಜೀರಿಯಾದವನಂತೆ. ಕಾಲಿನ ಭಾಗದ ಮಾಂಸವನ್ನು ದಪ್ಪ ದಪ್ಪ ತುಂಡು ಮಾಡುತ್ತ, ಇದು ಯಾರಿಗೆ ಎಂದು ಕೇಳಿದ. ನೋರಾ ಮನೆಗೆ ಎಂದಳು ಮೆಹರು. ಅವನು ಕತ್ತಿ ಕೆಳಗಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡ. ಪ್ರತಿ ಸಲವೂ ‘ನನ್ನ ಅಕ್ಕಪಕ್ಕದವರಿಗೂ ಆಗುವಂಥದ್ದು ಕೊಡು’ ಎಂದೇ ಕೇಳುತ್ತಿದ್ದರಂತೆ ಆಕೆ. ಆಮೇಲೆ ಮೂಳೆಯ ಎರಡು ತುಂಡನ್ನು ಹೆಚ್ಚಿಗೆ ಹಾಕಿದ. ಪೊಟ್ಟಣವನ್ನು ನಾನೇ ಕೈ ಚಾಚಿ ತೆಗೆದುಕೊಂಡೆ. ನಾನು ನೋಡೇ ಇರದ ಆ ಹೆಂಗಸಿಗಾಗಿ ಮನಸ್ಸು ಗಟ್ಟಿಯಾಯಿತು.

ಅಡುಗೆಮನೆ

ಶನಿವಾರ ಬೆಳಿಗ್ಗೆ ಕೆಲಸ ಶುರು. ಮಾಂಸಕ್ಕೆ ಮೈದಾ, ಕಾಳುಮೆಣಸಿನ ಪುಡಿ ಸವರಿ ಬಾಣಲೆಯಲ್ಲಿ ಕೆಂಪಗೆ ಹುರಿಯಬೇಕು. ಈರುಳ್ಳಿ, ಕ್ಯಾರೆಟ್ಟು, ಆಲೂಗೆಡ್ಡೆ, ಒಂದು ಹಿಡಿ ಬಾರ್ಲಿ, ಪಲಾವ್ ಎಲೆ, ಥೈಮ್ ಎಂಬ ಒಂದು ಸೊಪ್ಪಿನ ಕಡ್ಡಿ. ಮೇಲೆ ನೀರು. ನಾನು ಮುಂದಿನದಕ್ಕೆ ಕಾಯುತ್ತಾ ನಿಂತೆ. ಮುಂದಿನದು ಇರಲಿಲ್ಲ.

‘ಶುಂಠಿ ಬೆಳ್ಳುಳ್ಳಿ?’

‘ಇಲ್ಲ.’

‘ಕಾರದಪುಡಿ? ಕಾಯಿ? ಚಕ್ಕೆ ಲವಂಗ?’

‘ಇಲ್ಲ ಕಣಮ್ಮಿ.’

‘ಇದೇನು ಕಾಯಿಲೆಯವರಿಗೆ ಮಾಡೋ ಸಾರಾ?’

‘ಅದು ಬೇಯೋದೇ ಮಸಾಲೆ. ಸಂಜೆಗಂಟ ಬೇಯ್ತದೆ. ನೀ ಸುಮ್ಕೆ ನೋಡ್ತಿರು.’

ಕಷ್ಟ ಬಂದದ್ದು ಉಪ್ಪಿನ ವಿಷಯಕ್ಕೆ. ನೋರಾ ಕೈಯಳತೆಯಲ್ಲಿ ಹಾಕಿ ರುಚಿ ನೋಡಿ ಸರಿಮಾಡುತ್ತಿದ್ದರಂತೆ. ಈಗ ನೋಡುವವರು ಯಾರು? ನಾನು ತಿನ್ನುವವಳಲ್ಲ. ಮೆಹರುವಿಗೆ ಉಪವಾಸ. ನಾಲಗೆಗೆ ಸೋಕಿಸಿ ಉಗಿದರೆ ತಪ್ಪಿಲ್ಲ ಎನ್ನುವವರಿದ್ದಾರಂತೆ, ಅವಳ ಮನಸ್ಸು ಒಪ್ಪಲಿಲ್ಲ. ಊಟಕ್ಕೆ ಬರುವವರನ್ನೇ ಮೊದಲು ಕರೆದು ಉಪ್ಪು ನೋಡಿ ಎನ್ನಲು ಇಬ್ಬರಿಗೂ ಮರ್ಯಾದೆ ಅಡ್ಡ ಬಂತು. ಒಂದು ಅಡುಗೆಗೆ ಇಬ್ಬರು ಅಡುಗೆಯವರು, ನಾಲಗೆ ಮಾತ್ರ ಒಂದೂ ಇಲ್ಲ.

ಆಗ ನನಗೆ ಧೈರ್ಯ ಬಂತು. ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುವಾಗ ಬಾಡಿನ ಸಾರಿನಿಂದ ಹಿಡಿದು ವಡೆಯವರೆಗೆ ಯಾವುದನ್ನೂ ರುಚಿ ನೋಡುವುದಿಲ್ಲ. ಹೋದವರು ಉಂಡ ಮೇಲೇ ಇದ್ದವರ ನಾಲಗೆಗೆ. ಅಲ್ಲಿಯವರೆಗೆ ಕಣ್ಣು, ಮೂಗು ಅಷ್ಟೇ. ನಮ್ಮತ್ತೆಯಂತೂ ಆವಿಗೆ ಮುಖ ಒಡ್ಡಿ, ಉಪ್ಪು ಒಂದು ಹರಳು ಕಮ್ಮಿ ಎಂದು ಹೇಳುತ್ತಿದ್ದರು.

‘ಅಂಗಾದ್ರೆ ಮೂಗಲ್ಲೇ ನೋಡಿ ಆಕು,’ ಎಂದು ಮೆಹರು ನನ್ನ ತಲೆಗೆ ಕಟ್ಟಿ, ಬೆಳಗಿನ ಜಾವ ಸೆಹ್ರಿ ಊಟಕ್ಕೆ ಎದ್ದ ನಿದ್ದೆ ತೀರಿಸಲು ಹೋಗಿ ಮಲಗಿದಳು. ಕುರಿಯ ಆವಿಯನ್ನು ಬಲ್ಲ ನನ್ನ ಮೂಗಿಗೆ ಈ ಆವಿ ಹೊಸದು. ಅಂದಾಜಿನ ಮೇಲೆ ಹಾಕಿದೆ.

ಆಮೇಲೆ ನಾನು, ಪಾತ್ರೆ, ಇಬ್ಬರೇ. ನಮ್ಮೂರಿನ ಕುಕ್ಕರು ಬಾಯಿ ಬಿಟ್ಟು ಹೇಳುತ್ತದೆ. ಎಷ್ಟು ಸೀಟಿ ಕೂಗಿತು ಎಂಬುದರ ಮೇಲೆ ಯಾರ ಮನೆಯಲ್ಲಿ ಬೇಳೆ, ಯಾರ ಮನೆಯಲ್ಲಿ ಬಾಡು ಎಂದು ಬೀದಿಗೆಲ್ಲ ತಿಳಿಯುತ್ತದೆ. ಇದು ಕೂಗುವುದಿಲ್ಲ, ಕುದಿಯುವುದಿಲ್ಲ, ಗುಳ್ಳೆ ಕೂಡ ಏಳುವುದಿಲ್ಲ. ಗಾಜಿನ ಮುಚ್ಚಳದ ಒಳಗೆ ಹನಿಗಟ್ಟಿ ಏನೂ ಕಾಣುವುದಿಲ್ಲ. ಕರೆಂಟು ಬರುತ್ತಿದೆಯೇ? ತಳ ಹಿಡಿಯುತ್ತಿದೆಯೇ? ಪರೀಕ್ಷೆ ಬರೆಯುವ ಮಕ್ಕಳ ಹಿಂದೆ ನಿಂತು ಇಣುಕಿದ ಚಾಳಿ ಎಲ್ಲಿ ಹೋದೀತು. ಮುಚ್ಚಳ ತೆಗೆದೆ, ಸೌಟಿನಿಂದ ತಿರುವಿದೆ, ಮುಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆ. ತಿರುವದ ಅಡುಗೆ ದಿಕ್ಕಿಲ್ಲದ ಅಡುಗೆ ಎಂದು ನಂಬಿದವಳು ನಾನು.

ನಡುವೆ ಮಳವಳ್ಳಿಯಿಂದ ನಮ್ಮ ಯಜಮಾನರ ಫೋನು.

‘ಏನಡಿಗೆ ಇವತ್ತು?’

‘ತಿಥಿ ಅಡಿಗೆ.’

‘ಅಯ್ಯೋ, ಯಾರ್ದೇ ತಿಥಿ?’

‘ನೋರಮ್ಮಂದು.’

‘ಯಾವ ನೋರಮ್ಮ? ನಿಡಘಟ್ಟದೋರಾ?’

ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟು ಮತ್ತೆ ಮುಚ್ಚಳ ತೆಗೆದೆ.

ಮೆಹರು ಎದ್ದು ಬಂದವಳೇ ಮುಚ್ಚಳ ನೋಡಿದಳು. ಗಾಜು ತಿಳಿಯಾಗಿತ್ತು, ಒಳಗಡೆ ಒಂದು ಹನಿಯೂ ಇರಲಿಲ್ಲ.

‘ಎಷ್ಟ್ ಸಲ ತಗುದೆ?’

‘ಒಂದೆರಡು ಸಲ.’

‘ನಿಜ ಏಳೇ.’

‘ಎಣಿಸಲಿಲ್ಲ.’

ಅವಳು ಸೌಟಿನಿಂದ ಒಂದು ತುಂಡನ್ನು ಒತ್ತಿದಳು. ತುಂಡು ಚೆಂಡಿನಂತೆ ಜಿಗಿದು ಆಚೆ ಹೋಯಿತು. ‘ಒಳ್ಗಿರೋ ಬಿಸೀನೇ ಅದ್ರ ಬಂಡ್ವಾಳ ಕಣಮ್ಮಿ! ನೀ ತಗ್ದಾಗೆಲ್ಲ ಅದು ಇನ್ನೊಂದಪ ಮೊದ್ಲಿಂದ ಬಿಸಿ ಆಗ್ಬೇಕು. ಇನ್ನೇನು ಚರ್ಚ್‌ಗೆ ಒತ್ತಾಯ್ತದೆ. ನೋರಾ ತಂಗೀರ್ಗೆ ರಬ್ಬರ್ ಬಡುಸ್ಲಾ?’ ನನಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಕೋಳಿ ಕೇಳಿ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರೆ, ನಾನು ಆ ಮಾಂಸವನ್ನು ಗಳಿಗೆಗೊಮ್ಮೆ ಬೆಂದೆಯಾ ಎಂದು ಕೇಳಿಕೊಂಡು ಕೂತಿದ್ದೆ.

ಮೆಹರು ಪಾತ್ರೆಯ ಗುಂಡಿಯನ್ನು ಜೋರು ಬಿಸಿಗೆ ತಿರುಗಿಸಿ, ಮುಚ್ಚಳದ ಮೇಲೆ ದಪ್ಪ ಟವೆಲ್ ಹೊದಿಸಿದಳು. ಆಮೇಲೆ ನನ್ನ ಸ್ವೆಟರನ್ನು ಹಿಡಿದೆಳೆದಳು. ‘ನಡಿ ಚರ್ಚ್‌ಗೆ. ನಿನ್ನ ಇಲ್ಲಿ ಬುಟ್ರೆ ಅದು ಬೇಯಕ್ಕಿಲ್ಲ.’

ಚರ್ಚು

ಕೊನೆಯ ಬೆಂಚಿನಲ್ಲಿ ಕೂತೆವು. ತಲೆಗೆ ಸ್ಕಾರ್ಫ್ ಕಟ್ಟಿದ ಮೆಹರು, ಕುಂಕುಮದ ನಾನು. ತಿಂಗಳ ಪೂಜೆ ಎಂದರೆ ನಮ್ಮ ತಿಥಿಯ ಹಾಗೆ ಗದ್ದಲವಿರಬಹುದು ಎಂದುಕೊಂಡಿದ್ದೆ. ಪಾದ್ರಿಗಳು ಎಂದಿನ ಪೂಜೆಯ ನಡುವೆ ನೋರಾಳ ಹೆಸರನ್ನು ಒಮ್ಮೆ ಹೇಳಿದರು, ಒಂದು ಪ್ರಾರ್ಥನೆ ಓದಿದರು. ಅಷ್ಟೆ. ಹೆಸರು ಹೇಳಿದಾಗ ಮೊದಲ ಬೆಂಚಿನಲ್ಲಿ ಟಾಮ್ ತಲೆ ಎತ್ತಿದರು. ಹಿಂದಿನಿಂದ ನೋಡಿದರೆ ಕೋಟು ಅವರದಲ್ಲ, ಯಾರದೋ ದೊಡ್ಡ ಆಳಿನದು ಎನ್ನುವ ಹಾಗೆ ಭುಜದಿಂದ ಇಳಿದಿತ್ತು. ಮೆಹರುವಿನ ತುಟಿ ಅಲುಗುತ್ತಿತ್ತು, ಅವಳದೇ ದುವಾ ಇರಬೇಕು. ನಾನು ಯಾವ ದೇವರಿಗೆ ಎಂದು ನೋಡದೆ, ಆ ಮಾಂಸ ಬೇಯಲಿ ಎಂದು ಕೇಳಿಕೊಂಡೆ.

ಒಂದು ಹಂತದಲ್ಲಿ ಎಲ್ಲರೂ ಅಕ್ಕಪಕ್ಕದವರ ಕೈ ಕುಲುಕಿದರು. ಮುಂದಿದ್ದ ಅಜ್ಜಿ ನಮ್ಮ ಕಡೆ ತಿರುಗಿ, ಬ್ಯಾಂಡೇಜು ನೋಡಿ, ಮೆಹರುವಿನ ಎಡಗೈಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಪೂಜೆ ಮುಗಿಯುವ ಮೊದಲೇ ನಾವು ಎದ್ದು ಮನೆಗೆ ಓಡಿದೆವು.

ಟಾಮ್ ಮನೆ

ಜನ ಬಂದು ಸೇರುವ ಸದ್ದು ಕೇಳುವವರೆಗೂ ಮುಚ್ಚಳ ಮುಟ್ಟದೆ ಕಾದು, ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ, ವೈರನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಸಾಗಿಸಿದೆ. ಅಡುಗೆಮನೆಯಲ್ಲೇ ಊಟದ ದೊಡ್ಡ ಮೇಜು. ಜನ ಆಗಲೇ ಬಂದು ಚಹಾ ಹಿಡಿದು ಸುತ್ತಲೂ ನಿಂತಿದ್ದರು. ಉಪವಾಸ ಬಿಡುವ ಇಫ್ತಾರಿಗೆ ಇನ್ನೂ ಹೊತ್ತಿತ್ತು. ಮೆಹರು ಕಣ್ಣು ಮುಚ್ಚಿಕೊಂಡಳು, ನಾನು ಮುಚ್ಚಳ ತೆಗೆದೆ. ಸೌಟಿನ ಬೆನ್ನಿನಿಂದ ಒತ್ತಿದರೆ ತುಂಡು ಎಳೆ ಎಳೆಯಾಗಿ ಬಿಟ್ಟುಕೊಂಡಿತು. ಇಬ್ಬರಿಗೂ ಉಸಿರು ಬಂತು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಯಾರ ನಾಲಗೆಗೂ ಸೋಕದ ಅಡುಗೆ, ಹೋದವರ ದಿನ. ಮೊದಲ ಬಟ್ಟಲನ್ನು ತುಂಬಿ, ಇಷ್ಟು ಜನ ನಿಂತಿದ್ದರೂ ಯಾರೂ ಕೂರದೆ ಬಿಟ್ಟಿದ್ದ ಕಿಟಕಿ ಪಕ್ಕದ ಕುರ್ಚಿಯ ಮುಂದೆ ಇಟ್ಟೆ. ಪಕ್ಕಕ್ಕೆ ಬ್ರೆಡ್ಡು, ಒಂದು ಲೋಟ ಚಹಾ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಆಚೆ ಬರುತ್ತೇವೆ, ಹಿರಿಯರು ನಿಶ್ಚಿಂತೆಯಿಂದ ಉಣ್ಣಲಿ ಎಂದು. ನಾನು ತಿರುಗಿ, ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ‘ಎಲ್ಲರೂ ದಯವಿಟ್ಟು ಹೊರಗೆ.’

‘ಲೇ, ಏನ್ ಮಾಡ್ತಿದ್ದೀಯೇ?’ ಮೆಹರು ಪಿಸುಗುಟ್ಟಿದಳು.

‘ಎಡೆ ಕಣೇ.’

‘ಅಯ್ಯೋ ಚಂದ್ರಿ, ಅದು ನೋರಾ ಕುರ್ಚಿ ಕಣೇ. ಅಲ್ಲಿ ಯಾರೂ ಕುಂತ್ಕತಿಲ್ಲ!’

ಅವಳೇ ಸಾವರಿಸಿಕೊಂಡು ಎಲ್ಲರಿಗೂ ವಿವರಿಸಿದಳು: ನಮ್ಮೂರಿನಲ್ಲಿ ಮೊದಲು ಹೋದವರಿಗೆ ಬಡಿಸುತ್ತಾರೆ, ಅವರು ಉಣ್ಣುವಾಗ ನಾವು ನೋಡುವುದಿಲ್ಲ. ನೋರಾಳ ದೊಡ್ಡ ತಂಗಿ ಚಹಾ ಲೋಟವನ್ನು ಕೆಳಗಿಟ್ಟು ಮೊದಲು ಹೊರನಡೆದರು. ಹಿಂದೆಯೇ ಎಲ್ಲರೂ ಹೋದರು. ಟಾಮ್ ಕೊನೆಯವರು. ನಾನು ಬಾಗಿಲೆಳೆದೆ.

ಕೋಟು ನೇತುಹಾಕಿದ್ದ ಇಕ್ಕಟ್ಟಿನ ಹಜಾರದಲ್ಲಿ ಅಷ್ಟೂ ಜನ ಮೈಗೆ ಮೈ ತಗುಲಿಸಿಕೊಂಡು ನಿಂತೆವು. ಪರವೂರಿನ ಸಾವಿನ ಮನೆಯಲ್ಲಿ ನನ್ನದೇನು ಯಜಮಾನಿಕೆ ಎಂದು ನನಗೆ ಭಯವಾಯಿತು. ನಮ್ಮಲ್ಲಿ ಒಳಗೆ ಹೋಗುವ ಮೊದಲು ಬಾಗಿಲು ಬಡಿಯುತ್ತೇವೆ. ಮೂರು ಸಲ ಬಡಿದು ತೆಗೆದೆ. ಬಟ್ಟಲಿನಿಂದ ಇನ್ನೂ ಆವಿ ಏಳುತ್ತಿತ್ತು.

‘ಇದನ್ನು ಚೆಲ್ಲುವ ಹಾಗಿಲ್ಲ,’ ಎಂದು ಟಾಮ್‌ಗೆ ಹೇಳಿದೆ. ‘ಮನೆಯವರು ತಿನ್ನಬೇಕು. ಅವರು ಉಂಡು ಬಿಟ್ಟಿದ್ದು.’

ಟಾಮ್ ಬಾಗಿಲಲ್ಲೇ ನಿಂತು ಬಟ್ಟಲನ್ನು ನೋಡಿದರು. ನಿಧಾನವಾಗಿ ನಡೆದು ಹೋಗಿ ಆ ಕುರ್ಚಿಯನ್ನು ಹಿಂದಕ್ಕೆಳೆದು ಅದರಲ್ಲಿ ಕೂತರು. ಮೆಹರು ಎಡಗೈಯಿಂದ ನನ್ನ ರಟ್ಟೆಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಒಂದು ಚಮಚ. ಇನ್ನೊಂದು. ಬ್ರೆಡ್ಡು ಮುರಿದು ಅದ್ದಿದರು. ಮತ್ತೆ ಚಮಚ. ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಸವರಿ ಬಾಯಿಗೆ ಹಾಕಿಕೊಂಡು, ಚಮಚವನ್ನು ಕೆಳಗಿಟ್ಟರು.

‘ಇದಕ್ಕೆ ಉಪ್ಪು ಸಾಲದು,’ ಎಂದರು.

ನನ್ನ ಮುಖ ಕೆಂಪಾಯಿತು. ಆದರೆ ನೋರಾಳ ತಂಗಿಯರು ನಗುತ್ತಿದ್ದರು, ಮೆಹರು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

‘ಏನಾಯ್ತೇ? ಅಷ್ಟು ಕೆಟ್ಟುಹೋಗಿದೆಯಾ?’

‘ಇಲ್ಲ ಕಣಮ್ಮಿ. ನೋರಾ ಇದ್ದಾಗ ದಿನಾ ಇದೇ ಮಾತು. ಗೋಡೆ ಆಚೆ ನಮ್ಗೂ ಕೇಳುಸ್ತಿತ್ತು. ಅವಮ್ಮ ಓದ್ಮೇಲೆ ಈವಯ್ಯ ಯಾವ್ದುಕ್ಕೂ ಕೊಂಕು ತೆಗ್ದಿರ್ನಿಲ್ಲ. ಏನ್ ಕೊಟ್ರೂ ಚೆಂದಾಗಿ ಅದೆ, ಚೆಂದಾಗಿ ಅದೆ ಅಂದ್ಕಂಡು ಅರ್ಧ ಬುಡೋರು.’

ಟಾಮ್ ನಮ್ಮ ಕನ್ನಡ ಮುಗಿಯಲಿ ಎಂದು ಕಾದರು. ಆಮೇಲೆ ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದರು. ನಾನು ಇನ್ನೆರಡು ಸೌಟು ಬಡಿಸಿದೆ. ಉಪ್ಪನ್ನು ಅವರೇ ಹಾಕಿಕೊಂಡರು.